ಅಣ್ಣನ ಕಾರಿನ ಕೆಂಪು ದೀಪ

ಯಾರಾದರೂ ಸತ್ತವರು ಬಂದು ಹೋದ ಕತೆ ಶುರು ಮಾಡಿದರೆ ಏನಾದರೂ ನೆವ ಹೇಳಿ ಎದ್ದು ಹೋಗುವುದು ನನ್ನ ಅಭ್ಯಾಸವಾಗಿತ್ತು. ಅಂಥವರು ಸುಳ್ಳರು ಎಂದು ನಾನು ತಿಳಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ನಿದ್ದೆ ಇಲ್ಲದವರು ಎಂದಷ್ಟೇ ತಿಳಿದಿದ್ದೆ. ನಾನು ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಮುಂದೆ ಬ್ಯಾಂಕಿನ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡಿದೆ. ಕಾರಣವಿಲ್ಲದೆ ಏನೂ ತಪ್ಪಾಗುವುದಿಲ್ಲ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಲ್ಲೇ ಸಂಬಳ ತೆಗೆದುಕೊಂಡವನು. ಅಂಥ ನಾನು ಈಗ ಒಂದು ಹಳೆಯ ಕಾರಿನ ವಿಷಯ ಬರೆಯಲು ಕೂತಿದ್ದೇನೆ. ಹುಡುಕುವುದನ್ನು ನಾನು ಸರಿಯಾಗಿಯೇ ಹುಡುಕಿದ್ದೆ ಎಂಬುದನ್ನು ಮಾತ್ರ ಓದುಗರು ನಂಬಬೇಕು.

ಕಾರು ನನ್ನ ಅಣ್ಣ ರಘುರಾಮನದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಣ್ಣ ಅದನ್ನು ಕೊಂಡಾಗಲೇ ಅದು ಇನ್ನೊಬ್ಬರ ಕೈಯಲ್ಲಿ ಸಾಕಷ್ಟು ಓಡಿತ್ತು. ಕೆನೆ ಬಣ್ಣ, ಸೀಟಿನ ರೆಕ್ಸಿನ್ ಅಲ್ಲಲ್ಲಿ ಒಡೆದಿತ್ತು. ಆದರೂ ಅವನ ಕೈಯಲ್ಲಿ ಅದು ಒಂದು ದಿನವೂ ನಿಂತದ್ದಿಲ್ಲ. ಅಪ್ಪನ ಕಾಲದ ಹೋಟೆಲನ್ನು ಅಣ್ಣನೇ ನಡೆಸುತ್ತಿದ್ದ. ಬೆಳಿಗ್ಗೆ ಅದೇ ಕಾರಿನಲ್ಲಿ ತರಕಾರಿ ತರುತ್ತಿದ್ದ, ಸಂಜೆ ಅದೇ ಕಾರಿನಲ್ಲಿ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಳಿ ತಿನ್ನಿಸಲು ಹೋಗುತ್ತಿದ್ದ. ದೇರೆಬೈಲಿನ ಅವನ ಮನೆಯಲ್ಲೇ ಅಮ್ಮ ಇದ್ದದ್ದು. ನಾನು ಅದೇ ಊರಿನ ಉರ್ವದಲ್ಲಿ ಮನೆ ಮಾಡಿ, ಭಾನುವಾರ ತಪ್ಪದೆ ಹೋಗಿ ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅಮ್ಮ ಅಣ್ಣನ ಮಾತನ್ನೇ ಆಡುತ್ತಿದ್ದಳು. ರಘು ಹೀಗೆ ಹೇಳಿದ, ರಘುವಿಗೆ ಇದು ಇಷ್ಟ. ನಾನು ಕೊಂಡುಹೋದ ಹಣ್ಣನ್ನೂ ಅವನು ಬರಲಿ ಎಂದು ತೆಗೆದಿಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ನಾನು ಎಂದೂ ಯಾರಿಗೂ ತೋರಿಸಿದವನಲ್ಲ. ಆದರೆ ನಲವತ್ತು ದಾಟಿದ ಮೇಲೂ ಅದು ಹೋಗಿರಲಿಲ್ಲ.

ಒಂದು ಚಳಿಗಾಲದಲ್ಲಿ ಅಣ್ಣ ಹೋಟೆಲಿನ ಗಲ್ಲೆಯ ಮೇಲೆ ಕೂತಲ್ಲೇ ಎದೆನೋವು ಬಂದು ತೀರಿಹೋದ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅಮ್ಮನನ್ನು ನಾನು ನನ್ನ ಮನೆಗೆ ಕರೆದುಕೊಂಡು ಬಂದೆ. ಅತ್ತಿಗೆಗೆ ಕಾರು ಬಿಡಲು ಬರುತ್ತಿರಲಿಲ್ಲ. ಹೊರಗಿನವರಿಗೆ ಕೊಡಬಾರದು ಎಂದು ಅಮ್ಮ ಹಟ ಹಿಡಿದಳು. ಹಾಗಾಗಿ ಅದನ್ನು ನಾನೇ ಕೊಂಡೆ.

ಅಮ್ಮ ನನ್ನ ಮನೆಯಲ್ಲಿ ನಂಟರ ಮನೆಗೆ ಬಂದವಳ ಹಾಗೆ ಇದ್ದಳು. ಸೀರೆಗಳನ್ನು ಕಪಾಟಿನಲ್ಲಿ ಇಡಲೇ ಇಲ್ಲ, ಟ್ರಂಕಿನಲ್ಲೇ ಇಟ್ಟುಕೊಂಡಳು. "ಆಟಿ ತಿಂಗಳು ಕಳೀಲಿ, ನಾನು ದೇರೆಬೈಲಿಗೇ ಹೋಗ್ತೇನೆ. ಅಲ್ಲಿ ಅವನು ನಡೆದಾಡಿದ ಜಾಗ ಉಂಟು" ಎಂದು ನನ್ನ ಹೆಂಡತಿ ಸುಮತಿಯ ಹತ್ತಿರ ಹೇಳುತ್ತಿದ್ದಳಂತೆ. ಅಣ್ಣ ಬದುಕಿರುವಾಗ ಅವಳು ಅವನ ಪಾಲಾಗಿದ್ದಳು. ಸತ್ತ ಮೇಲೂ ಅವನ ಪಾಲೇ ಆದರೆ ನನಗೆ ಉಳಿದದ್ದೇನು? ಮಳೆಗಾಲದ ಆಟಿ ಕಳೆಯುವುದರೊಳಗೆ ಅವಳ ಮನಸ್ಸು ಇಲ್ಲಿ ನಿಲ್ಲಬೇಕು ಎಂದು ನಾನು ನಿಶ್ಚಯಿಸಿದೆ. ಅಣ್ಣ ಮಾಡುತ್ತಿದ್ದಂತೆ ದಿನಾ ಸಂಜೆ ಅವಳನ್ನು ಕಾರಿನಲ್ಲಿ ತಿರುಗಾಡಿಸಲು ತೊಡಗಿದೆ.

ತೊಂದರೆ ಶುರುವಾದದ್ದು ಆಗ. ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಕಾರು ಬೆಣ್ಣೆಯ ಹಾಗೆ ಹೋಗುತ್ತಿತ್ತು. ಅದೇ ಕಾರು ಬೆಳಿಗ್ಗೆ ನಾನೊಬ್ಬನೇ ಕೊಡಿಯಾಲ್‌ಬೈಲಿನ ಆಫೀಸಿಗೆ ಹೊರಟರೆ ಲೇಡಿಹಿಲ್ಲಿನ ಏರಿನಲ್ಲಿ ತಡವರಿಸುತ್ತಿತ್ತು. ಆಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಮಾತು ಕೇಳಿಸಿದರೂ ಕೇಳಿಸದ ಹಾಗೆ ಕೂತವನಂತೆ. ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು, ಮತ್ತೆ ಬಿಡುತ್ತಿತ್ತು. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಕೆಂಪು ದೀಪ, ಅದರ ಪಕ್ಕದಲ್ಲಿ ಆಯಿಲಿನ ಹಳದಿ ದೀಪ ಎರಡೂ ಹತ್ತಿಕೊಳ್ಳುತ್ತಿದ್ದವು. ಎಂಜಿನ್ ಓಡುವಾಗ ಅವು ಆರಿರಬೇಕು ಎಂಬುದು ಡ್ರೈವಿಂಗ್ ಕಲಿತವರಿಗೆಲ್ಲ ಗೊತ್ತು.

ಉರ್ವ ಮಾರ್ಕೆಟಿನ ಹತ್ತಿರ ಸಿರಿಲ್ ಎಂಬವನ ಗ್ಯಾರೇಜ್ ಇತ್ತು. ಸಿರಿಲನಿಗೆ ಸಂಶಯ ಎಂಬುದೇ ಇರಲಿಲ್ಲ. ಬಾನೆಟ್ ತೆಗೆಯುವ ಮೊದಲೇ ಕಾಯಿಲೆ ಹೇಳುತ್ತಿದ್ದ.

"ಪಾಯಿಂಟ್ ಸರ್. ಪಾಯಿಂಟ್ ಸುಟ್ಟಿದೆ. ಕಣ್ಣು ಮುಚ್ಚಿ ಹೇಳ್ತೇನೆ."

ಪಾಯಿಂಟ್ ಬದಲಾಯಿಸಿದ್ದಾಯಿತು. ತಡವರಿಸುವುದು ನಿಲ್ಲಲಿಲ್ಲ. ಮರುವಾರ ಅದು ಕಾರ್ಬುರೇಟರಿನ ಕಸ. ಅದರ ಮರುವಾರ ಕಾಯಿಲ್. ಆಮೇಲೆ ಡೈನಮೋದ ಬ್ರಶ್.

"ಸಿರಿಲ್, ನೀನು ಕಣ್ಣು ತೆರೆದು ಒಮ್ಮೆ ನೋಡಬಾರದಾ?" ಎಂದೆ.

"ನಿಮ್ಮ ಅಣ್ಣ ಇರುವಾಗ ಈ ಗಾಡಿ ನನ್ನ ಹತ್ತಿರ ಬಂದದ್ದೇ ಇಲ್ಲ ಸರ್. ಅವರ ಕೈಗುಣ ಹಾಗೆ. ಕೆಲವರ ಕೈಗೆ ಗಾಡಿ ಒಗ್ಗುದಿಲ್ಲ, ಎಂತ ಮಾಡುದು?" ಎಂದು ಅವನು ಬೀಡಿ ಹಚ್ಚಿದ.

ಆ ಮಾತು ನನಗೆ ನಾಟಿತು. ಅಣ್ಣನ ಕೈಗುಣ ಅಣ್ಣ ಸತ್ತ ಮೇಲೂ ಮಾರ್ಕೆಟಿನಲ್ಲಿ ಓಡಾಡುತ್ತಿತ್ತು. ಇನ್ನು ಇದನ್ನು ಸಿರಿಲನ ಬಾಯಿಗೆ ಬಿಡುವುದಿಲ್ಲ ಎಂದುಕೊಂಡು ನಾನೇ ಇನ್ಸ್‌ಪೆಕ್ಷನ್ ಮಾಡಲು ತೊಡಗಿದೆ. ದಿನಾ ಒಂದೇ ದಾರಿ, ಒಂದೇ ಹೊತ್ತು. ಒಂದು ದಿನಕ್ಕೆ ಒಂದೇ ಬದಲಾವಣೆ. ಬೇರೆ ಬಂಕಿನ ಪೆಟ್ರೋಲ್ ಹಾಕಿ ನೋಡಿದೆ. ಎಂಜಿನ್ ತಣ್ಣಗಿರುವಾಗ ನೋಡಿದೆ, ಬಿಸಿಯಾದ ಮೇಲೆ ನೋಡಿದೆ. ಒಂದೇ ಒಂದು ಸಂಗತಿ ಸ್ಪಷ್ಟವಾಯಿತು. ಅಮ್ಮ ಮುಂದಿನ ಸೀಟಿನಲ್ಲಿದ್ದರೆ ದೀಪ ಹತ್ತುವುದಿಲ್ಲ, ಎಂಜಿನ್ ತಡವರಿಸುವುದಿಲ್ಲ. ಅಮ್ಮ ಇಲ್ಲದಿದ್ದರೆ ಎರಡೂ ಉಂಟು.

ಸಿರಿಲನಿಗೆ ಹೇಳಿದೆ. ಅವನು ಕುಣಿದಾಡಿದ. "ಅರ್ತಿಂಗ್ ಸರ್! ಎಡಗಡೆ ಭಾರ ಬಿದ್ದರೆ ಎಲ್ಲಿಯೋ ವಯರ್ ತಾಗ್ತದೆ. ಭಾರ ಇಲ್ಲದಿದ್ದರೆ ಬಿಡ್ತದೆ. ಇಷ್ಟೇ."

ಕಾರಣ ನನಗೂ ಒಪ್ಪಿಗೆಯಾಯಿತು. ಮರುದಿನ ಅಮ್ಮನ ತೂಕದಷ್ಟೇ ಇದ್ದ ಒಂದು ಅಕ್ಕಿ ಮುಡಿಯನ್ನು ಮುಂದಿನ ಸೀಟಿನಲ್ಲಿಟ್ಟು ಹೊರಟೆ. ಲೇಡಿಹಿಲ್ಲಿನ ಏರಿನಲ್ಲಿ ಎರಡು ದೀಪವೂ ಹತ್ತಿದವು. ಅದರ ಮರುದಿನ ಸುಮತಿಯನ್ನು ಕೂರಿಸಿದೆ.

"ಅಮ್ಮನ ಹಾಗೆ ಸ್ವಲ್ಪ ಒರಗಿ ಕೂತುಕೋ" ಎಂದೆ.

"ನಿಮಗೆ ಎಂತ ಆಗಿದೆ? ಅಕ್ಕಿ ಮುಡಿ ಆಯಿತು, ಈಗ ನಾನಾ?" ಎಂದು ಅವಳು ನಕ್ಕಳು. ಏರು ಬಂತು, ಕಾರು ತಡವರಿಸಿತು, ದೀಪಗಳು ಹತ್ತಿದವು. ಅವಳ ನಗು ನಿಂತಿತು. "ಈ ಕಾರು ಕೊಟ್ಟು ಬಿಡುವ" ಎಂದಳು. ಅಣ್ಣನ ಕೈಗೆ ಒಗ್ಗಿದ್ದು ನನ್ನ ಕೈಗೆ ಒಗ್ಗಲಿಲ್ಲ ಎಂದು ಒಪ್ಪಿಕೊಂಡು ಮಾರುವುದಕ್ಕಿಂತ ದಿನಾ ಏರಿನಲ್ಲಿ ನಿಲ್ಲುವುದೇ ಮೇಲು ಅನಿಸಿತ್ತು.

ಅಷ್ಟರಲ್ಲಿ ಆಟಿ ತಿಂಗಳು ಬಂತು. ನಮ್ಮ ಕಡೆ ಆಟಿಯಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಒಂದು ಕೋಣೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಂದು ಉಣ್ಣಿ ಎಂದು ಕರೆದು ಬಾಗಿಲು ಹಾಕಿಕೊಳ್ಳುತ್ತಾರೆ. ಮನೆಯವರೆಲ್ಲ ಹೊರಗೆ ಸದ್ದು ಮಾಡದೆ ಕೂರಬೇಕು. ಅವರು ಉಂಡು ಮುಗಿಸುವಷ್ಟು ಹೊತ್ತು ಕಳೆದ ಮೇಲೆ ಬಾಗಿಲು ತಟ್ಟಿ ತೆರೆದು, ಆಮೇಲೆ ನಾವು ಉಣ್ಣುವುದು. ಅಣ್ಣ ಹೋದ ನಂತರದ ಮೊದಲ ಆಟಿ ಅದು. ದೇರೆಬೈಲಿನಲ್ಲಿ ಅತ್ತಿಗೆಯೇ ಅಡಿಗೆ ಮಾಡಿದ್ದಳು, ಕೋಳಿ ಸಾರು, ರೊಟ್ಟಿ, ಪತ್ರೊಡೆ. ಕರೆಯಬೇಕಾದವನು ತಮ್ಮನಾದ ನಾನು. ನನಗೆ ನಂಬಿಕೆ ಇರಲಿಲ್ಲ. ಕ್ರಮ ಎಂದ ಮೇಲೆ ಕ್ರಮವಾಗಿ ಮಾಡಬೇಕು ಎಂದು ಅಣ್ಣನ ಹೆಸರು ಹಿಡಿದು ಕರೆದೆ. ಮುಸ್ಸಂಜೆಯ ಹೊತ್ತು, ಹೊರಗೆ ಮಳೆ. ಬಾಗಿಲು ಹಾಕಿ ಚಾವಡಿಯಲ್ಲಿ ಕೂತೆವು.

ಸ್ವಲ್ಪ ಹೊತ್ತಿನಲ್ಲಿ ಅಮ್ಮ ಎದೆ ಒತ್ತಿಕೊಂಡಳು. ಉಸಿರು ಮೇಲೆ ಮೇಲೆ ಬರುತ್ತಿತ್ತು, ಹಣೆ ಬೆವರಿತ್ತು. ಅಣ್ಣ ಹೋದದ್ದೂ ಹೀಗೆಯೇ ಎಂದು ಅತ್ತಿಗೆ ಬಿಳಿಚಿಕೊಂಡಳು. ನಾನೂ ಸುಮತಿಯೂ ಅಮ್ಮನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಒಳಗೆ ಬಡಿಸಿದ ಎಲೆ, ಹಾಕಿದ ಬಾಗಿಲು. ಅತ್ತಿಗೆಯನ್ನು ಆ ಸ್ಥಿತಿಯಲ್ಲಿ ಒಬ್ಬಳೇ ಬಿಡುವ ಹಾಗಿರಲಿಲ್ಲ. ಸುಮತಿಯನ್ನು ಅವಳ ಜೊತೆ ಬಿಟ್ಟು ನಾನೊಬ್ಬನೇ ಹೊರಟೆ. ಕೊಡಿಯಾಲ್‌ಬೈಲಿನ ಆಸ್ಪತ್ರೆಗೆ ಹೋಗಬೇಕು. ಆ ದಾರಿ ದೂರವೇನೂ ಅಲ್ಲ.

ಗೇಟು ದಾಟುವಾಗಲೇ ಎರಡು ದೀಪಗಳೂ ಹತ್ತಿದವು. ಅಮ್ಮ ಕಾರಿನಲ್ಲಿರುವಾಗ ಅವು ಹತ್ತಿದ್ದು ಅದೇ ಮೊದಲು. ಎಂಜಿನ್ ಹಿಂದೆಂದೂ ಇಲ್ಲದಷ್ಟು ತಡವರಿಸಿತು. ಎಳೆಯುತ್ತದೆ, ಬಿಡುತ್ತದೆ. ಇಳಿಜಾರಿನಲ್ಲಿ ಹೇಗೋ ಉರುಳಿಕೊಂಡು ಕೊಟ್ಟಾರದ ಹತ್ತಿರದವರೆಗೆ ಬಂದೆವು. ಅಲ್ಲಿ ಎಂಜಿನ್ ಒಮ್ಮೆ ನಡುಗಿ ನಿಂತಿತು.

ಕೀ ತಿರುಗಿಸಿದೆ. ಟಕ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ಹೆಡ್‌ಲೈಟ್ ಮಿಣುಕುಹುಳದಷ್ಟೂ ಇರಲಿಲ್ಲ. ಇಳಿದು ಬಾನೆಟ್ ತೆಗೆದೆ. ಮಳೆಗೆ ಬೆನ್ನು ಕೊಟ್ಟು ಟಾರ್ಚ್ ಹಿಡಿದು ಅಭ್ಯಾಸದ ಪ್ರಕಾರ ಒಂದೊಂದನ್ನೇ ನೋಡಿದೆ. ಪೆಟ್ರೋಲ್ ಬರುತ್ತಿದೆ. ವಯರುಗಳು ಗಟ್ಟಿಯಾಗಿವೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಂಚೆಯ ಅಂಚಿನಿಂದ ಒರೆಸಿದೆ, ಒಳಗೆ ನೀರಿನ ಪಸೆ ಇರಲಿಲ್ಲ. ಹ್ಯಾಂಡಲ್ ಹಾಕಿ ಕೈ ನೋಯುವಷ್ಟು ತಿರುಗಿಸಿದೆ. ಅದು ಕೆಮ್ಮಲೂ ಇಲ್ಲ. ಎರಡು ಬಸ್ಸುಗಳು ಕೆಸರು ಹಾರಿಸಿಕೊಂಡು ಹೋದವು. ಕೈ ತೋರಿಸಿದರೂ ನಿಲ್ಲಿಸಲಿಲ್ಲ. ಒಳಗಿನಿಂದ ಅಮ್ಮನ ಉಸಿರು ನನಗೆ ಮಳೆಯ ಸದ್ದಿನ ನಡುವೆಯೂ ಕೇಳುತ್ತಿತ್ತು. ನನ್ನ ಕೈಯಲ್ಲಿ ಅಮ್ಮ ಸಾಯುತ್ತಾಳೆ, ಅಣ್ಣನಾಗಿದ್ದರೆ ಇಷ್ಟು ಹೊತ್ತಿಗೆ ತಲುಪಿಸುತ್ತಿದ್ದ. ಆ ಹೊತ್ತಿನಲ್ಲೂ ನನ್ನ ತಲೆಗೆ ಬಂದದ್ದು ಅದೇ.

ಏನೂ ತೋಚದೆ ಬಂದು ಸ್ಟೇರಿಂಗಿನ ಮುಂದೆ ಕೂತೆ. ಆಗ ಅಮ್ಮ ಮಾತನಾಡಿದಳು. ನನ್ನ ಹತ್ತಿರ ಮಾತನಾಡುತ್ತಿದ್ದಾಳೆ ಎಂದು ತಿರುಗಿ ನೋಡಿದೆ. ಅವಳು ಸೀಟಿನಿಂದ ಸ್ವಲ್ಪ ಎದ್ದು, ನನ್ನ ಪಕ್ಕದ ಖಾಲಿ ಸೀಟಿನ ಬೆನ್ನು ಹಿಡಿದುಕೊಂಡಿದ್ದಳು. ಮನೆಯಲ್ಲಿ ನಾವು ಆಡುವುದು ತುಳು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರಘೂ, ಎಲೆ ಬಿಟ್ಟು ಎದ್ದು ಬಂದೆಯಾ ಮಗಾ? ಹಾಗೆ ಏಳ್ಬಾರ್ದು." ಉಸಿರು ಎಳೆದುಕೊಂಡಳು. "ಇಬ್ಬರೂ ಒಂದೇ ಸ್ಟೇರಿಂಗಿಗೆ ಕೈ ಹಾಕಿದ್ರೆ ಕಾರು ಎಲ್ಲಿಗೆ ಹೋಗ್ತದೆ? ಸಣ್ಣವನ ಮೇಲೆ ನಿನಗೆ ಇನ್ನೂ ಹೊಟ್ಟೆಕಿಚ್ಚಾ? ಸಾಕು ಮಾರಾಯ. ಇವತ್ತು ಅವನು ಕರ್ಕೊಂಡು ಹೋಗ್ಲಿ."

ಅಷ್ಟು ಹೇಳಿ ಅವಳು ಹಿಂದಕ್ಕೆ ಒರಗಿದಳು. ನನ್ನ ಪಕ್ಕದ ಸೀಟಿನಲ್ಲಿ ಏನೂ ಇರಲಿಲ್ಲ. ಯಾರಾದರೂ ಕೂತಂತೆ ಕಂಡಿತು, ನೆರಳು ಸರಿಯಿತು ಎಂದೆಲ್ಲ ನಾನು ಬರೆಯುವುದಿಲ್ಲ, ಏಕೆಂದರೆ ಕಂಡಿಲ್ಲ. ಒಡೆದ ರೆಕ್ಸಿನ್ ಮಾತ್ರ ಇತ್ತು. ನಾನು ಕೀ ತಿರುಗಿಸಿದೆ. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಕೆಂಪು ದೀಪ ಆರಿತು, ಹಳದಿ ದೀಪ ಆರಿತು. ಹೆಡ್‌ಲೈಟ್ ರಸ್ತೆಯ ಆಚೆ ಬದಿಯ ಪಾಗಾರದ ಗೋಡೆಯವರೆಗೂ ಬೆಳಗಿತು.

ಲೇಡಿಹಿಲ್ಲಿನ ಏರನ್ನು ಆ ಕಾರು ಹತ್ತಿದ ಬಗೆ ನನಗೆ ಈಗಲೂ ಕಾಲಿನಲ್ಲಿ ನೆನಪಿದೆ. ಆಕ್ಸಲರೇಟರಿನ ಮೇಲೆ ಪಾದ ಇಟ್ಟಷ್ಟಕ್ಕೇ ಅದು ಹೋಗುತ್ತಿತ್ತು. ಮುಂದಿನ ಸೀಟಿನಲ್ಲಿ ಅಮ್ಮ ಇಲ್ಲದೆ ನನ್ನ ಕೈಯಲ್ಲಿ ಅದು ಹಾಗೆ ಓಡಿದ್ದು ಆವತ್ತೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನನ್ನು ಉಳಿಸಿಕೊಂಡರು. ಮರುದಿನ ಕಾರನ್ನು ಸಿರಿಲನ ಹತ್ತಿರ ಒಯ್ದೆ. ಅವನು ಬ್ಯಾಟರಿ ನೋಡಿ, ಚಾರ್ಜ್ ಫುಲ್ ಇದೆ, ನಿನ್ನೆ ಇಳಿದಿರಲು ಸಾಧ್ಯವೇ ಇಲ್ಲ ಎಂದ. ಆಮೇಲೆ ನಾನು ಹೇಳಿದ್ದನ್ನೆಲ್ಲ ಕೇಳಿ, ಅಮ್ಮ ಎದ್ದು ಸೀಟು ಹಿಡಿದಾಗ ವಯರ್ ತಾಗಿರಬೇಕು ಎಂದು ತೀರ್ಮಾನಿಸಿದ. "ನಾನು ಆವಾಗಲೇ ಹೇಳಿದ್ದಲ್ವಾ ಸರ್, ಅರ್ತಿಂಗ್!" ಸೀಟು ಬಿಚ್ಚಿ, ಅಡಿಯ ಮ್ಯಾಟ್ ಎತ್ತಿ, ಗಂಟೆಗಟ್ಟಲೆ ಹುಡುಕಿದ. ಸಡಿಲವಾದ ವಯರ್ ಸಿಗಲಿಲ್ಲ. ಸಿಕ್ಕಿದ್ದರೆ ನಾನು ಅವನಿಗೆ ಕೈಮುಗಿಯುತ್ತಿದ್ದೆ.

ದೇರೆಬೈಲಿನಲ್ಲಿ ಬಾಗಿಲು ತೆರೆದಾಗ ಏನಿತ್ತು ಎಂದು ಅತ್ತಿಗೆಯನ್ನು ಕೇಳಿದೆ. "ಎಲೆ ಬಡಿಸಿದ ಹಾಗೇ ಇತ್ತು" ಎಂದಳು. ಅದರಿಂದ ಏನೂ ಗೊತ್ತಾಗುವುದಿಲ್ಲ. ಬಡಿಸಿದ ಎಲೆ ಯಾವಾಗಲೂ ಹಾಗೇ ಇರುತ್ತದೆ.

ಅಮ್ಮ ಚೇತರಿಸಿಕೊಂಡ ಮೇಲೆ, ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ, ಆ ರಾತ್ರಿಯಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಅಣ್ಣನಿಗೆ ನನ್ನ ಮೇಲೆ ಎಂತ ಹೊಟ್ಟೆಕಿಚ್ಚು ಅಮ್ಮ? ಎಲ್ಲ ಅವನ ಹತ್ತಿರವೇ ಇತ್ತಲ್ಲ. ಮನೆ, ಹೋಟೆಲು, ನೀನು."

ಅಮ್ಮ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ನಿನ್ನನ್ನು ಬೋರ್ಡಿಂಗಿಗೆ ಹಾಕುವಾಗ ಅವನೂ ಹೋಗ್ತೇನೆ ಅಂತ ಅತ್ತಿದ್ದ. ಹೋಟೆಲಲ್ಲಿ ಯಾರು ಕೂತುಕೊಳ್ಳುದು ಅಂತ ಕೇಳಿದ್ರು ನಿನ್ನ ಅಪ್ಪ. ನೀನು ರಜೆಗೆ ಬಂದಾಗ ಬೆಳಿಗ್ಗೆ ಎದ್ದು ಹಾಸಿಗೆ ಮಡಚುದನ್ನು ಅವನು ಬಾಗಿಲ ಸಂದಿಯಲ್ಲಿ ನಿಂತು ನೋಡ್ತಿದ್ದ. ನೀನು ಹೋದ ಮೇಲೆ ಅವನೂ ಹಾಗೇ ಮಡಚ್ಲಿಕ್ಕೆ ನೋಡ್ತಿದ್ದ. ಮೂಲೆ ಸರಿ ಬರ್ತಿರ್ಲಿಲ್ಲ, ಬಿಸಾಡ್ತಿದ್ದ. ಇಷ್ಟು ವರ್ಷ ನಿನಗೆ ಅದು ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಬೋರ್ಡಿಂಗಿನಲ್ಲಿ ನಾನು ರಾತ್ರಿ ದಿಂಬಿಗೆ ಮುಖ ಒತ್ತಿ, ಅಣ್ಣ ಈಗ ಅಮ್ಮನ ಮಗ್ಗುಲಲ್ಲಿ ಮಲಗಿರುತ್ತಾನೆ ಎಂದು ಎಣಿಸುತ್ತಿದ್ದೆ. ಅವನು ಅತ್ತ ನನ್ನ ಬಗ್ಗೆ ಎಣಿಸುತ್ತಿದ್ದನೆಂದರೆ, ಅವನು ಇದ್ದಾಗ ಇಬ್ಬರೂ ಒಮ್ಮೆಯಾದರೂ ಬಾಯಿಬಿಟ್ಟು ಆಡಬಹುದಾಗಿದ್ದ ಮಾತು ಅದು.

ಆಸ್ಪತ್ರೆಯಿಂದ ಬಿಟ್ಟ ದಿನ ಕಾರಿನ ಬಾಗಿಲು ತೆರೆದು ಹಿಡಿದು, "ಎಲ್ಲಿಗೆ ಹೋಗುವ, ದೇರೆಬೈಲಿಗಾ?" ಎಂದು ಕೇಳಿದೆ. ಅವಳು ಮುಂದಿನ ಸೀಟಿಗೆ ಬರಲಿಲ್ಲ. ಹಿಂದಿನ ಬಾಗಿಲು ತೆರೆಯಲು ಸನ್ನೆ ಮಾಡಿ, ಹತ್ತಿ ಕೂತು, ಸೆರಗು ಸರಿಮಾಡಿಕೊಂಡಳು.

"ಉರ್ವಕ್ಕೇ ಹೋಗುವ. ದೇರೆಬೈಲಲ್ಲಿ ಇನ್ನು ಎಂತ ಉಂಟು? ಅವನು ಈಗ ಇಲ್ಲೇ ಇರುದಲ್ವಾ" ಎಂದು ಮುಂದಿನ ಸೀಟನ್ನು ಕಣ್ಣಿನಲ್ಲೇ ತೋರಿಸಿದಳು.

ಹೀಗೆ ಅಮ್ಮ ಕೊನೆಯವರೆಗೂ ನನ್ನ ಮನೆಯಲ್ಲೇ ಉಳಿದಳು. ಮನೆಗೆ ಬಂದವಳೇ ಟ್ರಂಕಿನಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು. ದಿನಾ ಸಂಜೆ ಹಿಂದಿನ ಸೀಟಿನಲ್ಲಿ ಕೂತು ತಿರುಗಾಡಲು ಬಂದಳು. ಮುಂದಿನ ಸೀಟಿನಲ್ಲಿ ಸುಮತಿ ಕೂಡ ಕೂರುತ್ತಿರಲಿಲ್ಲ. ಕಾರು ಅದರ ನಂತರ ನನ್ನ ಕೈಯಲ್ಲಿ ಒಂದು ದಿನವೂ ತಡವರಿಸಲಿಲ್ಲ, ಓಡುವಾಗ ಆ ದೀಪಗಳು ಹತ್ತಿದ್ದನ್ನು ನಾನು ಮತ್ತೆ ಕಾಣಲಿಲ್ಲ. ವಯರಿನ ದೋಷವಾಗಿದ್ದರೆ ಯಾವ ವಯರು? ದೋಷವೇ ಅಲ್ಲವಾಗಿದ್ದರೆ ನಾನು ಏನನ್ನು ನಂಬಬೇಕು? ಎರಡು ಕಡೆಯೂ ಹೋಗಿ ಹೋಗಿ ಹಿಂದೆ ಬಂದಿದ್ದೇನೆ.

ಒಂದು ವೇಳೆ ಅಮ್ಮ ಹೇಳಿದ್ದೇ ನಿಜವಾಗಿದ್ದರೆ, ಅವಳ ಒಂದೇ ಮಾತಿಗೆ ಅಣ್ಣ ಸ್ಟೇರಿಂಗಿನಿಂದ ಕೈ ತೆಗೆದ. ಎದುರು ಮಾತಿಲ್ಲ, ಮುನಿಸಿಲ್ಲ. ಅದೇ ಮಾತನ್ನು ಅವಳು ನನಗೆ ಹೇಳಿದ್ದರೆ ನಾನು ತೆಗೆಯುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತೆಗೆಯುತ್ತಿರಲಿಲ್ಲ ಅನಿಸುತ್ತದೆ. ಆಗೆಲ್ಲ ಅವನ ಮೇಲೆ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ.